ಒಂದಿಂಚು ಇಪ್ಪತ್ತಾರು ಸೆಂಟ್ಸ್

ಸಕ್ಕರೆ ಕಾಯಿಲೆಯಿಂದ ಅಣ್ಣನ ಎರಡೂ ಕಣ್ಣು ಹೋದ ಮೇಲೆ, ಆಲ್ದೂರಿನ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಳೆ ಅಳೆಯುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಅಷ್ಟರಲ್ಲಿ ಹಳೆಯ ಅಳತೆಯ ಗಾಜು ಒಡೆದು ಹೊಸದು ತಂದಿದ್ದರು. ಅದರ ಮೇಲಿದ್ದದ್ದು ಮಿಲಿಮೀಟರ್ ಗೆರೆಗಳು ಮಾತ್ರ. ಅಣ್ಣನಿಗೆ ಮಳೆಯೆಂದರೆ ಇಂಚು, ಸೆಂಟ್. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಮಿಲಿಮೀಟರಿನಲ್ಲಿ ಹೇಳಿದರೆ ಅವನಿಗೆ ಮಳೆ ಅಂದಾಜಿಗೇ ಸಿಗುತ್ತಿರಲಿಲ್ಲ.

ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಅತ್ತಿಗೆಯ ಫೋನಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಮಿಲಿಮೀಟರ್ ಒತ್ತಿದರೆ ಎಷ್ಟು ಇಂಚು ಎಂದು ಫೋನೇ ಗಟ್ಟಿಯಾಗಿ ಹೇಳಬೇಕು. ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ಅತ್ತಿಗೆ ಗಾಜು ನೋಡಿಬಂದು ಮೂವತ್ತೆರಡು ಎಂದು ಒತ್ತಿದರು. ಫೋನು, "ನೂರಾ ಅರವತ್ತು ಬೈ ನೂರಾ ಇಪ್ಪತ್ತೇಳು" ಎಂದಿತು.

"ಎಂಥದು ಮಾರಾಯ ಇದು? ಮಳೆಯಾ, ಮನೆ ನಂಬ್ರವಾ?" ಎಂದ ಅಣ್ಣ.

"ಲೆಕ್ಕ ಸರಿಯೇ ಇದೆ ಅಣ್ಣ. ಭಿನ್ನರಾಶಿಯಲ್ಲಿ ಹೇಳ್ತಾ ಇದೆ."

"ಇರ್ಬಹುದು. ಆದ್ರೆ ಹೂವಿಗೆ ಸಾಕಾಗೋಷ್ಟು ಬಂತಾ ಇಲ್ವಾ ಅಂತ ನಂಗೆ ಗೊತ್ತಾಗ್ಲಿಲ್ವಲ್ಲ."

ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಭಿನ್ನರಾಶಿಯನ್ನು ದಶಮಾಂಶಕ್ಕೆ ತಿರುಗಿಸಿ, ಎರಡೇ ಸ್ಥಾನಕ್ಕೆ ನಿಲ್ಲಿಸಿ, ಚುಕ್ಕೆಯ ಜಾಗದಲ್ಲಿ ಇಂಚು, ಕೊನೆಗೆ ಸೆಂಟ್ಸ್ ಸೇರಿಸಿದೆ. ಅತ್ತಿಗೆ ಮತ್ತೆ ಒತ್ತಿದರು.

"ಒಂದಿಂಚು ಇಪ್ಪತ್ತಾರು ಸೆಂಟ್ಸ್."

"ಹಾಂ, ಈಗ ಮಳೆ ಬಂತು ನೋಡು!" ಅಣ್ಣ ನಕ್ಕ. ಕಣ್ಣು ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಇನ್ನೊಂದ್ಸಲ ಹೇಳಿಸ್ಲಾ?" ಎಂದು ಅತ್ತಿಗೆ ಸುಮ್ಮನೆ ಮತ್ತೊಮ್ಮೆ ಒತ್ತಿದರು.

ಆಮೇಲಿನ ಮಳೆಗಾಲವೆಲ್ಲ ಅವರಿಬ್ಬರ ಬೆಳಗು ಹಾಗೇ ಶುರುವಾಗುತ್ತಿತ್ತು. ಮುಂದಿನ ಕುಯ್ಲಿನ ಹೊತ್ತಿಗೆ ಅತ್ತಿಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ತೋಟವನ್ನು ಪಕ್ಕದವರಿಗೆ ವಹಿಸಿ ಅಣ್ಣನನ್ನು ಚಿಕ್ಕಮಗಳೂರಿಗೆ ಕರೆತಂದೆ. ಅವನಿಗೆ ಬೇಸರ ಕಳೆಯಲೆಂದು ಮಳೆ ಅಳೆಯುವ ಗಾಜನ್ನೂ ತಂದು ತಾರಸಿಯ ಮೇಲಿಟ್ಟೆ.

ಮೊದಲ ಮಳೆ ಬಂದಾಗ ನಾನೇ ನೋಡಿಬಂದು ಅವನ ಪಕ್ಕದಲ್ಲಿ ಕೂತು ಅತ್ತಿಗೆಯ ಫೋನಿನಲ್ಲಿ ಒತ್ತಿದೆ. "ಎಪ್ಪತ್ತೊಂಬತ್ತು ಸೆಂಟ್ಸ್" ಎಂದಿತು ಫೋನು.

"ಅವಳು ಒದ್ದೆ ಕಾಲಲ್ಲೇ ಒಳಗೆ ಬಂದು ಹೇಳಿಸ್ತಿದ್ಲು," ಎಂದ ಅಣ್ಣ. "ಇನ್ನು ಅಳೀಬೇಡ ಮಾರಾಯ. ಬಂದಷ್ಟು ಬರ್ಲಿ."

ನಾನು ತಾರಸಿಗೆ ಹೋಗಿ ಗಾಜನ್ನು ಒರೆಸಿ ಒಳಗಿಟ್ಟೆ.