ಬಾಯಿಲೆ ಹಾಕಿದ ರಂಗೋಲಿ

ಆರಾಧ್ಯಾ, ಸಮರ್ಥ, ನಿನ್ನೆ ಚಿಕ್ಕೋಡಿಯ ಝೆರಾಕ್ಸ್ ಅಂಗಡಿಯಲ್ಲಿ ಮಷಿನ್ನಿನಿಂದ ಬಿಸಿ ಕಾಗದ ಹೊರಬಂತು. ಆ ಮಸಿಯ ವಾಸನೆಗೆ ನನಗೆ ಹೆಜ್ಜೆ ಕೀಳಲಾಗಲಿಲ್ಲ. "ಆಯಿ, ಯಾಕ ನಿಂತಿ?" ಅಂದಿರಿ. ಆಗ ಹೇಳಲಾಗಲಿಲ್ಲ. ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಮಾತು. ಕಬ್ಬೂರಿನ ನಮ್ಮ ಮನೆಯ ಮುಂದಿನ ಕೋಣೆಯನ್ನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರಿಗೆ ಬಾಡಿಗೆಗೆ ಕೊಟ್ಟಿದ್ದೆವು. ನಿಪ್ಪಾಣಿ ಕಡೆಯವರು, ಇನ್ನೂ ಹುಡುಗಿ. ಆಗ ನಾನು ರಂಗೋಲಿ ಮುಟ್ಟುತ್ತಿರಲಿಲ್ಲ. ಗಂಡನಿಲ್ಲದವಳು ಹೊಸ್ತಿಲಿಗೆ ಗೆರೆ ಎಳೆಯಬಾರದೆಂದು ಯಾರೂ ಹೇಳಲಿಲ್ಲ; ಹೇಳುವ ಮೊದಲೇ ರಂಗೋಲಿ ಡಬ್ಬಿಯನ್ನು ನನ್ನ ಮೈದುನನ ಹೆಂಡತಿ, ನೆಗೆಣ್ಣಿಯ ಕೈಗೆ ಕೊಟ್ಟಿದ್ದೆ. ಆದರೆ ಬೆರಳಿಗೆ ಅದು ತಿಳಿಯುತ್ತಿರಲಿಲ್ಲ... ಹಿಟ್ಟು ನಾದುವಾಗ ಪರಾತದಲ್ಲಿ ತಾನೇ ಚುಕ್ಕಿ ಇಡುತ್ತಿತ್ತು. ಅಕ್ಕೋರು ಅದನ್ನು ನೋಡಿದ್ದರು.

ಒಂದು ಸಂಜೆ ನನ್ನನ್ನು ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿದರು. "ಕಾಕು, ಕೈಲೆ ಹಾಕಬ್ಯಾಡ್ರಿ. ಬಾಯಿಲೆ ಹೇಳ್ರಿ."

ಹೇಳುವುದರಲ್ಲಿ ದೋಷವಿಲ್ಲ ಅಂದುಕೊಂಡೆ. ಮುಂದೆ ಹೋಗು, ಪಕ್ಕಕ್ಕೆ ಹೊಳ್ಳು, ಮತ್ತೆ ಮುಂದೆ ಹೋಗು ಎಂದೆ.

"ಎಷ್ಟು ಹೊಳ್ಳಬೇಕ್ರಿ?"

"ರೊಟ್ಟಿ ಆರು ಪಾಲು ಮಾಡಿದ್ರ ಒಂದು ಪಾಲಿನಷ್ಟು."

ಅವರು ನಗುತ್ತ ಅದನ್ನು ಕಂಪ್ಯೂಟರಿಗೆ ತಿಳಿಯುವ ಮಾತಿನಲ್ಲಿ ಬರೆದರು. ಒಂದು ಎಸಳು ಮೂಡಿತು. ಮುಂದೇನು ಎಂದರು. "ಮುಂದೇನೈತಿ? ಮತ್ತ ಅದನ್ನ," ಎಂದೆ.

ಆ "ಮತ್ತ ಅದನ್ನ" ಎಂಬುದಕ್ಕೂ ಅವರ ಬಳಿ ಒಂದು ಶಬ್ದವಿತ್ತು. ಬರೆದು ಗುಂಡಿ ಒತ್ತಿದರು. ರೆಪ್ಪೆ ಬಡಿಯುವಷ್ಟರಲ್ಲಿ ಪರದೆಯ ತುಂಬ ಎಸಳು, ಎಸಳಿಗೆ ಎಸಳು ಕೂಡಿ ಆಕಾಶದಲ್ಲಿರುವಂಥ ಚಿಕ್ಕಿ, ಚಿಕ್ಕಿಯ ಪಕ್ಕ ಚಿಕ್ಕಿ... ನನ್ನ ತವರಿನ ರಂಗೋಲಿ. ಸೆರಗು ಎಳೆದುಕೊಂಡು ಎದ್ದುಬಿಟ್ಟೆ. "ನಾ ಹಾಕಿಲ್ಲಲ್ರಿ?" ಎಂದು ಕೇಳಿ ಬೆರಳು ನೋಡಿಕೊಂಡೆ. ಪುಡಿ ಇರಲಿಲ್ಲ.

ಮರುದಿನ ಅಕ್ಕೋರು ಅದನ್ನು ಶಾಲೆಯಲ್ಲಿ ಕಾಗದಕ್ಕಿಳಿಸಿ ತಂದು, ಹಾರದಂತೆ ಕಲ್ಲು ಹೇರಿ, ನಮ್ಮ ಹೊಸ್ತಿಲ ಮುಂದೆ ಇಟ್ಟಿದ್ದರು. ಮಸಿಯ ವಾಸನೆ ಹೋಗಿರಲಿಲ್ಲ. ನೆಗೆಣ್ಣಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

"ಯಾರದಿದು?" ಎಂದಳು.

"ಕಾಕೂನದ್ರಿ. ಹಾಕಿಲ್ಲ, ಬರೀ ಮಾತಾಡ್ಯಾರ," ಎಂದರು ಅಕ್ಕೋರು.

"ಹಂಗಾದ್ರ ದಿನಾ ಮಾತಾಡಾಕ ಹೇಳ್ರಿ. ಬಗ್ಗಿ ಬಗ್ಗಿ ನನ್ನ ನಡ ಹಿಡದೈತಿ."

ಬೈಗುಳಕ್ಕೆ ಕಾದಿದ್ದ ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

ಆ ಚಳಿಗಾಲವೆಲ್ಲ ಸಂಜೆ ನಾನು ಹೇಳಿದೆ, ಅವರು ಬರೆದರು. ಬೇಸಿಗೆ ಸೂಟಿಗೆ ಊರಿಗೆ ಹೋದವರು ಮರಳಿ ಬರಲಿಲ್ಲ. ಕಾಮಣಿ ಜಡ್ಡಿನಿಂದ ತೀರಿಕೊಂಡರಂತೆ... ಅವರ ಅಣ್ಣ ಕಂಪ್ಯೂಟರ್ ಒಯ್ಯಲು ಬಂದಾಗಲೇ ನಮಗೆ ಗೊತ್ತಾದದ್ದು. ಅವನ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ನೆಗೆಣ್ಣಿಯ ಡಬ್ಬಿ ಎತ್ತಿಕೊಂಡು, ಆ ಖಾಲಿ ಕೋಣೆಯ ಮುಂದೆ ಕೂತು ಗೆರೆ ಎಳೆದೆ. ಕೈಯಿಂದ.

ತಲೆ ಎತ್ತಿದರೆ ಓಣಿಯ ಹೆಂಗಸರು ನಿಂತಿದ್ದರು. ನೆಗೆಣ್ಣಿಯೇ ಅವರ ಕಡೆ ತಿರುಗಿ, "ತುಳೀಬ್ಯಾಡ್ರಿ, ಆ ಕಡೆ ಸರದು ಹೋಗ್ರಿ," ಎಂದಳು.

ಅಂದಿನಿಂದ ನಮ್ಮ ಹೊಸ್ತಿಲಿಗೆ ನಾನೇ ಹಾಕುತ್ತೇನೆ. ಅಕ್ಕೋರ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಮುಖವೂ ಈಗ ಮಸುಕು ಮಸುಕು... ಅವರು ಈ ಮನೆಯಲ್ಲಿ ಇದ್ದರೆಂದು ಹೇಳುವವಳು ನಾನೊಬ್ಬಳೇ ಉಳಿದಿದ್ದೇನೆ. ಮಕ್ಕಳೇ, ನಾನು ಬರೆದ ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಡಿರಿ.