ಉಡಿ ತುಂಬದ ಮರಗಳು

ಗಾಜಿನ ಬಾಗಿಲು ತನ್ನಷ್ಟಕ್ಕೆ ತಾನೇ ಸರಿಯಿತು. ಒಳಗೆ ಕಾಲಿಟ್ಟ ಕೂಡಲೇ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುತ್ತದಲ್ಲ, ಅದೇ ವಾಸನೆ. ಹೊರಗೆ ಏಪ್ರಿಲ್ ಬಿಸಿಲು ಡಾಂಬರನ್ನು ಕುದಿಸುತ್ತಿತ್ತು, ಮಳೆಯ ಸುಳಿವೇ ಇರಲಿಲ್ಲ. ನೆಲ ನೋಡಿದೆ. ಮುಖ ಕಾಣುವಷ್ಟು ನುಣುಪಾದ ಕಲ್ಲು. ಮೂಲೆಯಲ್ಲಿದ್ದ ಗಿಡಗಳ ಎಲೆ ಮುಟ್ಟಿದೆ. ಪ್ಲಾಸ್ಟಿಕ್ಕು. ಅಷ್ಟರಲ್ಲಿ ಗೋಡೆಯ ಮೇಲಿದ್ದ ಬಿಳಿ ಡಬ್ಬಿಯೊಂದು ‘ಪುಸ್’ ಎಂದಿತು, ವಾಸನೆ ಇನ್ನಷ್ಟು ದಟ್ಟವಾಯಿತು.

“ಹತ್ತು ನಿಮಿಷಕ್ಕೊಮ್ಮೆ ಬಿಡ್ತದ ಮಾಮಿ,” ನನ್ನನ್ನು ಕರೆದೊಯ್ಯಲು ಕೆಳಗೆ ಬಂದಿದ್ದ ನಾದಿನಿಯ ಮಗಳು ಹೆಮ್ಮೆಯಿಂದ ಹೇಳಿದಳು. “ಮಣ್ಣಿನ ಸೆಂಟು. ಭಾರೀ ಅದ ಅಲ್ಲ?”

ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಲಿಫ್ಟ್ ಹತ್ತಿದೆ.

ಅವಳ ಹೊಸ ಫ್ಲ್ಯಾಟಿನ ವಾಸ್ತುಶಾಂತಿಗೆ ಹೋಗಿದ್ದೆ. ಹೋಗುವುದೇ ಬೇಡ ಅಂದುಕೊಂಡಿದ್ದೆ. ಆದರೆ ಮನೆಯ ಹುಡುಗಿ, ಅವಳದೇನು ತಪ್ಪು? ಅದಲ್ಲದೆ ನನಗೆ ಅಲ್ಲೊಂದು ಕೆಲಸವೂ ಇತ್ತು. ಪರ್ಸಿನೊಳಗೆ, ಹಳೆಯ ಕುಪ್ಪಸದ ಖಣದ ಚೂರಿನಲ್ಲಿ ಕಟ್ಟಿದ ಪುಟ್ಟ ಗಂಟಿತ್ತು. ಅದರಲ್ಲಿ ಹಿಡಿ ಮಣ್ಣು. ಡಬ್ಬಿಯದಲ್ಲ, ಇದೇ ಜಾಗದ ಖರೇ ಮಣ್ಣು. ಅದನ್ನು ಇಲ್ಲೇ ಎಲ್ಲಾದರೂ ನೆಲಕ್ಕೆ ಸೇರಿಸಿ ಬರಬೇಕೆಂದು ತಂದಿದ್ದೆ.

ಆ ಗಂಟನ್ನು ನನಗೆ ಕೊಟ್ಟವನು ಮಾಲಿ ಕಾಕಾ...

ಪುಣೆಯಲ್ಲಿ ಮಗರಪಟ್ಟಾ ಕಡೆಯಿಂದ ಬರುವ ರಸ್ತೆಯಲ್ಲಿ, ಕಾಲುವೆಯ ಪಕ್ಕಕ್ಕೆ, ಈ ಕಟ್ಟಡ ನಿಂತಲ್ಲೇ, ಆಗ ಒಂದು ಸರಕಾರಿ ನರ್ಸರಿ ಇತ್ತು. ಆಗ ನಾವಿದ್ದ ಮನೆಯ ಹಿತ್ತಲ ಗೋಡೆಯೇ ಅದರ ಬೇಲಿ. ಶಾಲೆಯಲ್ಲಿ ಪಾಠ ಹೇಳಿ ದಣಿದು ಬಂದವಳು ನಾನು ಚಹಾದ ಕಪ್ಪು ಹಿಡಿದು ಆ ಗೋಡೆಗೆ ಒರಗಿ ನಿಂತರೆ, ಬೇವಿನ ಹಿಂಡಿ, ಕೊಳೆತ ಎಲೆ, ಒದ್ದೆ ಗೋಣಿ, ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಒಳ್ಳೆಯ ವಾಸನೆ ಅಂತ ಯಾರೂ ಹೇಳಲಾರರು. ಆದರೆ ಅದು ಹೊಟ್ಟೆ ತುಂಬಿದ ಮನೆಯ ವಾಸನೆಯಾಗಿತ್ತು.

ಅಲ್ಲಿನ ಮಾಲಿ ಬೈಲಹೊಂಗಲದ ಕಡೆಯವನು. ಪುಣೆಗೆ ಬಂದು ಮೂರು ದಶಕವಾಗಿದ್ದರೂ ಅವನ ಮರಾಠಿ ಕುಂಟುತ್ತಿತ್ತು. ನಾನು ಕನ್ನಡದವಳೆಂದು ಗೊತ್ತಾದ ದಿನ ಗೋಡೆಯಾಚೆಯಿಂದ ಕೂಗಿದ್ದ: “ಅಕ್ಕಾರ, ನಿಮ್ಮ ಬಾಯಾಗ ನಮ್ಮೂರ ಮಾತು ಕೇಳಿ ನೀರು ಕುಡದಂಗಾತ್ರಿ!” ಅಂದಿನಿಂದ ಅವನು ನಮ್ಮ ಮನೆಯ ಎಲ್ಲರಿಗೂ ಮಾಲಿ ಕಾಕಾ.

ಅವನ ಬಳಿ ಗಿಡ ಒಯ್ಯುವುದು ಸುಲಭದ ಮಾತಾಗಿರಲಿಲ್ಲ. ಕನ್ಯೆ ಕೇಳಲು ಬಂದ ಬೀಗರನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದ. “ಮನ್ಯಾಗ ನೀರು ಹಾಕವ್ರು ಯಾರು? ಅತ್ತಿನೋ, ಸೊಸಿನೋ? ಬಿಸಲು ಯಾವ ದಿಕ್ಕಿಗೆ ಬರ್ತದ? ಸೂಟಿಗೆ ಊರಿಗೆ ಹೋದ್ರ ಇದರ ಗತಿ ಏನು?” ಉತ್ತರ ಮನಸ್ಸಿಗೆ ಒಪ್ಪದಿದ್ದರೆ, “ಹೋಗ್ರಿ ಹೋಗ್ರಿ, ಪ್ಲಾಸ್ಟಿಕಿನದ್ದು ತೊಗೊಳ್ರಿ, ಕುಂಡದಾಗ ಇಟ್ಟು ದಿನಾ ಒರಸ್ರಿ” ಎಂದು ಅಟ್ಟುತ್ತಿದ್ದ. ಆಗ ನಾವೆಲ್ಲ ನಗುತ್ತಿದ್ದೆವು.

ಕೊಡಲು ಒಪ್ಪಿದನೆಂದರೆ ಅವನದೊಂದು ಪದ್ಧತಿ. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಟಾಗ ಉಡಿ ತುಂಬುತ್ತಾರಲ್ಲ, ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು, ಖಣ... ಮರಾಠಿಯವರು ಓಟಿ ಅನ್ನುತ್ತಾರೆ. ಹಾಗೆಯೇ ಇವನು, ಹೊರಟ ಪ್ರತಿಯೊಂದು ಸಸಿಗೂ ಬಟ್ಟೆಯ ಚೂರಿನಲ್ಲಿ ನರ್ಸರಿಯ ಹಿಡಿ ಮಣ್ಣು, ನಾಲ್ಕು ಕಾಳು ಅಕ್ಕಿ, ಚಿಟಿಕೆ ಅರಿಶಿಣ ಕಟ್ಟಿ ಕೊರಳಿಗೆ ಬಿಗಿಯುತ್ತಿದ್ದ. “ಹೊಸಾ ಜಾಗಾದಾಗ ಮದಲ ಈ ಮಣ್ಣು ಹಾಕ್ರಿ. ಬರಿಗೈಲೆ ಕಳಿಸಬಾರದ್ರಿ ಅಕ್ಕಾರ. ತವರಿನ ಮಣ್ಣು ಇದ್ರ ಬೇರಿಗೆ ಧೈರ್ಯ ಬರ್ತದ.” ಉಡಿ ತುಂಬಿದ ಮೇಲೆಯೇ ಅದು ಅವನ ಪ್ರಕಾರ ಲೋಕಕ್ಕೆ ಸೇರಿದ್ದು. ಅಲ್ಲಿಯವರೆಗೆ ಚೀಲದ ಕೂಸು.

ಹಾಗೆ ಯಾರೂ ಕೇಳಿ ಬಾರದೆ ಉಳಿದುಹೋದ ಒಂದು ಸಾಲು ಇತ್ತು, ನಮ್ಮ ಗೋಡೆಗೆ ಹತ್ತಿಕೊಂಡೇ. ಬೇವು, ಹೊಂಗೆ, ಅತ್ತಿ. ಜನಕ್ಕೆ ಆಗ ಬೇಕಾದದ್ದು ಹೂವಿನವು, ಆಮೇಲೆ ತಾಳೆಯಂಥ ಅಲಂಕಾರದವು. ಈ ಬಡ ಜಾತಿಗಳನ್ನು ಯಾರು ಒಯ್ಯುತ್ತಾರೆ? ಕಪ್ಪು ಚೀಲದಲ್ಲಿ ಕೂತಲ್ಲೇ ಕೂತು, ತಳ ಹರಿದು, ಬೇರು ನೆಲಕ್ಕಿಳಿದು, ನೋಡನೋಡುತ್ತ ಅವು ನಮ್ಮ ಮಾಳಿಗೆಯನ್ನೂ ಮೀರಿ ಬೆಳೆದವು. ಮೂವತ್ತೇಳು ಮರ. ಪಂಕ್ತಿ ಊಟಕ್ಕೆ ಕೂತವರ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಬುಡದಲ್ಲಿ ಚೀಲದ ಚಿಂದಿ ಇನ್ನೂ ಕೊರಳಪಟ್ಟಿಯಂತೆ ಅಂಟಿಕೊಂಡಿತ್ತು. ಮಾಲಿ ಕಾಕಾ ಅವಕ್ಕೆ ಉಡಿ ತುಂಬಿರಲಿಲ್ಲ. ಮದುವೆಯಾಗದೆ ತವರಿನಲ್ಲೇ ಮುದುಕಿಯಾದ ಅಕ್ಕನೊಬ್ಬಳು ಅವನಿಗೆ ಊರಲ್ಲಿದ್ದಳು. “ನಮ್ಮಕ್ಕಗ ಎಪ್ಪತ್ತಾತು, ನಮ್ಮವ್ವ ಸಾಯೋತನಕಾ ‘ಕೂಸು ಉಂಡತೇನೋ’ ಅಂತಿದ್ಲು. ಇವೂ ಹಂಗ,” ಅನ್ನುತ್ತಿದ್ದ.

ಒಂದು ದಿನ ಪಾಲಿಕೆಯಿಂದ ಮರ ಎಣಿಸುವವರು ಬಂದರು. ಊರ ತುಂಬ ಎಣಿಕೆ ನಡೆದಿತ್ತು. ತಗಡಿನ ಬಿಲ್ಲೆಯ ಮೇಲೆ ನಂಬರು, ಅದನ್ನು ಕಾಂಡಕ್ಕೆ ಮೊಳೆ ಹೊಡೆದು ಕೂರಿಸುವುದು. ಸುತ್ತಿಗೆಯ ಸದ್ದಿಗೆ ನಾನು ಗೋಡೆಯ ಬಳಿ ಹೋದರೆ ಮಾಲಿ ಕಾಕಾ ಮೊದಲ ಬೇವನ್ನು ಬೆನ್ನಿಗೆ ಹಾಕಿಕೊಂಡು, ಎರಡೂ ಕೈ ಚಾಚಿ ನಿಂತಿದ್ದ.

“ನಾಹೀ! ಹೇ ಪಿಶವೀತ ಆಹೇತ!” ಇವು ಚೀಲದಲ್ಲಿರುವವು ಅಂತ ತನ್ನ ಕುಂಟು ಮರಾಠಿಯಲ್ಲಿ ಕೂಗುತ್ತಿದ್ದ. ನನ್ನನ್ನು ಕಂಡು, “ಅಕ್ಕಾರ, ನೀವರೆ ಹೇಳ್ರಿ ಇವರಿಗೆ. ಉಡಿ ತುಂಬದ ಕೂಸಿಗೆ ಮೊಳಿ ಬಡೀತಾರೇನ್ರಿ? ತವರಮನ್ಯಾಗ ಇದ್ದಾಕಿಗೆ ಎಂಥಾ ನಂಬರು?”

ನಾನು ಹೇಳಿದೆ. ನಗುತ್ತಲೇ ಹೇಳಿದೆ. ಬಂದವರಿಗೂ ಮೂವತ್ತೇಳು ಮೊಳೆ ಹೊಡೆಯುವ ಕೆಲಸ ತಪ್ಪಿತಲ್ಲ, “ಹಾಗಾದರೆ ಬರೆದುಕೊಡಿ ತಾಯೀ” ಅಂದರು. ನನ್ನ ಶುದ್ಧ ಮರಾಠಿಯಲ್ಲಿ, ಶಾಲೆಯ ಮಕ್ಕಳಿಗೆ ಮಾದರಿಯೆಂದು ತೋರಿಸುತ್ತಿದ್ದ ಅದೇ ಅಕ್ಷರದಲ್ಲಿ ಬರೆದೆ: ಗೋಡೆಯ ಪಕ್ಕದ ಸಾಲಿನ ಮೂವತ್ತೇಳೂ ನರ್ಸರಿ ಚೀಲದ ಸಸಿಗಳು, ಇವಕ್ಕೆ ಕ್ರಮಾಂಕ ಬೇಡ. ಮಾಲಿ ಕಾಕಾ ಅದರ ಕೆಳಗೆ ಸಹಿ ಹಾಕಿದ. ಆಮೇಲೆ ಸುಮಾರು ದಿನ ಆ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ರಸವತ್ತಾಗಿ ಹೇಳಿದ್ದೇ ಹೇಳಿದ್ದು. ಎಂಥ ಮುಗ್ಧ ಮನುಷ್ಯ ನೋಡ್ರಿ ಅಂತ...

ಮಾಲಿ ಕಾಕಾ ನಿವೃತ್ತನಾದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ನೀರಿನ ಪಂಪು ಕೆಟ್ಟಿತು, ರಿಪೇರಿಯಾಗಲಿಲ್ಲ. ಸಸಿಗಳು ಒಣಗಿದವು. ಒಣಗುವವರೆಗೆ ಕಾದವರು ಆಮೇಲೆ ಬೋರ್ಡು ಹಾಕಿದರು: ‘ನಿರುಪಯುಕ್ತ ಸಾರ್ವಜನಿಕ ಭೂಮಿಯ ಪುನರಭಿವೃದ್ಧಿ.’ ಕೊಂದು, ಸತ್ತಿದೆ ಅಂತ ತಾವೇ ಸಾರುವ ಈ ಜಾಣತನಕ್ಕೆ ನನಗೆ ಇಂದಿಗೂ ಸರಿಯಾದ ಬೈಗುಳ ಸಿಕ್ಕಿಲ್ಲ. ನಮ್ಮ ಅಜ್ಜಿಗೆ ಸಿಗುತ್ತಿತ್ತು. ಬೋರ್ಡಿನ ಚಿತ್ರದಲ್ಲಿ ಎತ್ತರದ ಕಟ್ಟಡ, ನಗುವ ಗಂಡ ಹೆಂಡತಿ, ಸುತ್ತ ಹಸಿರು ಬಣ್ಣ ಬಳಿದ ಮರಗಳು. ಅದೇ ಬೋರ್ಡಿನ ಹಿಂದೆ ಖರೇ ಮರಗಳು ನಿಂತಿದ್ದವು.

ಮರಗಳಿದ್ದರೆ ಕಡಿಯಲು ಪರವಾನಗಿ ಬೇಕು, ಜನರ ಮಾತು ಕೇಳಬೇಕು. ಆ ಧೈರ್ಯದ ಮೇಲೆ ನಾವು ಓಣಿಯವರು ಸೇರಿ ತಕರಾರು ಅರ್ಜಿ ಕೊಟ್ಟೆವು. ಕಟ್ಟಡ ಬೇಕಾದರೆ ಎದ್ದೇಳಲಿ, ಅಂಚಿನ ಈ ಒಂದು ಸಾಲು ಉಳಿಸಿರಿ, ಅಷ್ಟೇ ಕೇಳಿದ್ದು. ಜಾಗ ನೋಡಲು ಪಾಲಿಕೆಯ ಸಾಹೇಬರು ಬಂದರು. ಜತೆಗೆ ಕಟ್ಟಡದವರ ಕಡೆಯ ಇಸ್ತ್ರಿ ಅಂಗಿಯ ಒಬ್ಬ ತರುಣ. ನಾವು ಕರೆಸಿದ್ದೆವೆಂದು ಮಾಲಿ ಕಾಕಾನೂ ಬಂದಿದ್ದ. ಬಿಳಿ ಟೋಪಿ, ಒಗೆದ ಧೋತರ, ಕೈಯಲ್ಲಿ ಕೊಡೆ.

ಆ ತರುಣ ಫೈಲಿನಿಂದ ಒಂದು ಹಾಳೆ ತೆಗೆದ. ದೂರದಿಂದಲೇ ಗುರುತು ಸಿಕ್ಕಿತು. ನನ್ನ ಅಕ್ಷರ.

“ಎಣಿಕೆಯ ಪ್ರಕಾರ ಇಲ್ಲಿ ಒಂದೂ ಮರ ಇಲ್ಲ ಸರ್. ನೌಕರನ ಲಿಖಿತ ಹೇಳಿಕೆ ಇದೆ. ಇವು ಚೀಲದ ಸಸಿಗಳು,” ಎಂದು ಮರಾಠಿಯಲ್ಲಿ ಓದಿ ಹೇಳಿದ. ದನಿಯಲ್ಲಿ ಸಂಕೋಚದ ಒಂದು ಎಳೆಯೂ ಇರಲಿಲ್ಲ.

ಸಾಹೇಬರು ತಲೆಯೆತ್ತಿ ನೋಡಿದರು. ಎತ್ತಲೇಬೇಕಿತ್ತು, ಅತ್ತಿಯ ಮರ ಮೂರು ಅಂತಸ್ತು ಎತ್ತರವಿತ್ತು. ಮಾಲಿ ಕಾಕಾ ಮುಂದೆ ಬಂದ. “ಸಾಹೇಬ್ರ, ನಂದ ತಪ್ಪು. ಉಡಿ ತುಂಬೋದು ನಾ ಬಿಟ್ಟೆ. ಮರಾನ ಅವು, ನಿಮ್ಮ ಕಣ್ಣಿಗೆ ಕಾಣವಲ್ವೇನ್ರಿ?” ನಾನು ಅದನ್ನು ಮರಾಠಿಗೆ ತಿರುಗಿಸುತ್ತ ಹೋದೆ.

“ಆಜೋಬಾ, ಸಹಿ ನಿಮ್ಮದೇ ತಾನೇ?” ಕೇಳಿದರು ಸಾಹೇಬರು. ಸುಳ್ಳು ಹೇಳಲು ಬರುವ ಮನುಷ್ಯನಾಗಿದ್ದರೆ ಮಾತೇ ಬೇರೆ. ಅವನು ಗೋಣು ಹಾಕಿದ.

ಆಮೇಲೆ ನಡೆದದ್ದು ನೆನಪಾದರೆ ಈಗಲೂ ಅನ್ನ ಸೇರುವುದಿಲ್ಲ. ಹನ್ನೆರಡರ ಬಿಸಿಲು. ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ನೆರಳು ಹುಡುಕಿಕೊಂಡು, ಅತ್ತಿಯ ಬುಡಕ್ಕೆ ಬಂದು ನಿಂತರು. “ಛಾನ್ ಸಾವಲೀ ಆಹೇ,” ಒಳ್ಳೆ ನೆರಳಿದೆ ಅಂದರು. ಬರೆಯಲು ಆಸರೆಯಿಲ್ಲವೆಂದು ತರುಣ ಕೊಟ್ಟ ಅದೇ ಹಾಳೆಯನ್ನು ಕಾಂಡಕ್ಕೆ ಒತ್ತಿ ಹಿಡಿದು, ನನ್ನ ಬರಹದ ಕೆಳಗೆ ‘ಸ್ಥಳದಲ್ಲಿ ಮರಗಳಿಲ್ಲ’ ಎಂದು ಬರೆದು ಸಹಿ ಹಾಕಿದರು. ಪೆನ್ನಿನ ಮೊನೆ ತೊಗಟೆಯ ಉಬ್ಬಿಗೆ ಸಿಕ್ಕಿ ಹಾಳೆ ತೂತಾಯಿತು. ಅವರು ಬೇಸರದಿಂದ ಲೊಚಗುಟ್ಟಿ ಹಾಳೆಯನ್ನು ಇಷ್ಟು ಪಕ್ಕಕ್ಕೆ ಸರಿಸಿ ಸಹಿ ಪೂರ್ತಿ ಮಾಡಿದರು.

ಲಂಚ ತಿಂದವರನ್ನು ಕಂಡಿದ್ದೇನೆ, ಸುಳ್ಳರನ್ನೂ ಕಂಡಿದ್ದೇನೆ. ಆದರೆ ನೆರಳಿನಲ್ಲಿ ನಿಂತು ನೆರಳು ಕೊಟ್ಟದ್ದೇ ಇಲ್ಲವೆಂದು ಬರೆಯುವ ಕೈಯನ್ನು ಅಷ್ಟು ಹತ್ತಿರದಿಂದ ಕಂಡದ್ದು ಅಂದೇ. ಹೇಸಿಗೆಯೆನಿಸಿತು. ಆ ಹೇಸಿಗೆಯಲ್ಲಿ ನನ್ನ ಪಾಲೂ ಇತ್ತು, ಎಷ್ಟೆಂದರೂ ಅವರ ಕೈಯಲ್ಲಿದ್ದದ್ದು ನನ್ನ ದುಂಡು ಅಕ್ಷರ.

ಯಂತ್ರಗಳು ಬರುವ ದಿನ ಬೆಳಿಗ್ಗೆ ಮಾಲಿ ಕಾಕಾ ಗೇಟಿನ ಮುಂದೆ ನಿಂತಿದ್ದ. ಹೆಗಲ ಚೀಲದಲ್ಲಿ ಹಳೆಯ ಖಣಗಳ ಚೂರು, ಅರಿಶಿಣ, ಅಕ್ಕಿ. ಕಾವಲಿನವನು ಬಿಡಲೊಲ್ಲ. “ಪೂಜೆ ಇದೆಯಪ್ಪಾ” ಅಂತ ನಾನು ಹೇಳಿದ ಮೇಲೆ ಅವನೂ ಪಾಪ, ಚಪ್ಪಲಿ ಬಿಟ್ಟು ಬಾಗಿಲು ತೆಗೆದ. ಮಾಲಿ ಕಾಕಾ ಒಂದೊಂದೇ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದರಿ, ಗಂಟು ಕಟ್ಟಿ, ಕಾಂಡಕ್ಕೆ ಬಿಗಿದ. ಸುತ್ತು ಸಾಲದ ಕಾಂಡಗಳಿಗೆ ದಾರಕ್ಕೆ ದಾರ ಗಂಟು ಹಾಕಿದ. ಮೂವತ್ತೇಳಕ್ಕೂ. ನಾನು ದಾರ ಹಿಡಿದುಕೊಟ್ಟೆ.

“ಚೀಲದಾಗ ಇಟ್ಕೊಂಡು ಕುಂತೆ ಅಕ್ಕಾರ,” ಅಂದ, ಕೈ ಝಾಡಿಸುತ್ತ. “ಪ್ರೀತಿ ಮಾಡೀನಿ ಅನ್ಕೊಂಡೆ. ಒಂದು ಮೊಳಿ ಬಡಿಸಿಕೊಂಡಿದ್ರ ಬದುಕ್ತಿದ್ವು.”

ಒಂದು ಗಂಟು ಹೆಚ್ಚಿಗೆ ಕಟ್ಟಿದ್ದ. ಅದನ್ನು ನನ್ನ ಕೈಯಲ್ಲಿಟ್ಟ. “ಪಂಚಮಿಗೆ ಹೆಣ್ಮಕ್ಕಳು ತವರಿಗೆ ಬರ್ತಾವಲ್ರಿ. ಮಣ್ಣೂ ಬರಬೇಕು. ಯಾವಾಗರೆ ಆದ್ರ ಇದನ್ನ ಇಲ್ಲೇ ಹಾಕ್ರಿ. ನನಗಂತೂ ಆಗಂಗಿಲ್ಲ.”

ಊರಿಗೆ ಹೋದವನು ಮರಳಿ ಬರಲಿಲ್ಲ. ಮರು ವರುಷ ಅವನ ಊರಿನ ಕಡೆಯವರೊಬ್ಬರು ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಅಕ್ಕ ಇನ್ನೂ ಇದ್ದಾಳೆ, ತಮ್ಮ ಹೋದ...

ವಾಸ್ತುಶಾಂತಿಯ ಊಟ ಮುಗಿಯಿತು. ಹೊರಡುವಾಗ ನಾದಿನಿಯ ಮಗಳು ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಹೊಸ ಖಣ. “ಬಾಲ್ಕನಿಗೆ ಬರ್ರಿ ಮಾಮಿ, ಎಷ್ಟು ಹಸಿರದ ನೋಡ್ರಿ,” ಅಂದಳು. ಹದಿನಾಲ್ಕನೆಯ ಅಂತಸ್ತಿನಿಂದ ಇಣುಕಿದೆ. ಹಸಿರೇನೋ ಇತ್ತು. ಬಿಲಿಯರ್ಡ್ಸ್ ಮೇಜಿನ ಹಾಗೆ.

ಕೆಳಗಿಳಿದು ಕಾಂಪೌಂಡು ಪೂರ್ತಿ ಒಂದು ಸುತ್ತು ಹಾಕಿದೆ. ಎಲ್ಲೆಲ್ಲೂ ಸಿಮೆಂಟಿನ ಇಟ್ಟಿಗೆ ಹಾಸು. ಹುಲ್ಲಿನ ಅಂಚನ್ನು ಬೆರಳಿನಿಂದ ಎಬ್ಬಿಸಿದರೆ ಚಾಪೆಯಂತೆ ಎದ್ದು ಬಂತು, ಅಡಿಯಲ್ಲಿ ತೆಂಗಿನ ನಾರಿನ ಪುಡಿ, ಅದರಡಿ ಕಾಂಕ್ರೀಟು. ಕಾವಲಿನ ಮುದುಕ ಓಡಿ ಬಂದ.

“ಏನು ಕಳಕೊಂಡ್ರಿ ಮಾವಶೀ?” ಮರಾಠಿಯಲ್ಲಿ ಕೇಳಿದ.

“ಇಲ್ಲಿ ನೆಲ ಎಲ್ಲಿದೆಯಪ್ಪಾ? ಮಣ್ಣಿನ ನೆಲ?”

ಅವನು ನಕ್ಕ. “ಮಣ್ಣೆಲ್ಲಿಂದ ಬರಬೇಕು? ನಾವು ನಿಂತದ್ದೇ ಪಾರ್ಕಿಂಗಿನ ಮಾಳಿಗೆಯ ಮೇಲೆ. ಕೆಳಗೆ ಇನ್ನೂ ಮೂರು ಅಂತಸ್ತು ಕಾರುಗಳು. ಆ ಮಣ್ಣನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಹೋದರು, ಎಲ್ಲಿಗೋ ಏನೋ.”

ಗಾಜಿನ ಬಾಗಿಲಿನಾಚೆ ಡಬ್ಬಿ ಇನ್ನೊಮ್ಮೆ ‘ಪುಸ್’ ಎಂದಿರಬೇಕು. ಯಾರೋ ಹೊರಗೆ ಬರಲು ಬಾಗಿಲು ತೆರೆದಾಗ ಆ ಸುಳ್ಳು ಮಳೆಯ ವಾಸನೆ ನನ್ನವರೆಗೂ ಬಂತು. ಮೂಗು ಮುಚ್ಚಿಕೊಂಡು ರಸ್ತೆಗೆ ಬಂದು ಆಟೋ ಹತ್ತಿದೆ.

ತೊಡೆಯ ಮೇಲೆ ತುಂಬಿದ ಉಡಿ, ಪರ್ಸಿನಲ್ಲಿ ಮಾಲಿ ಕಾಕಾನ ಗಂಟು. ಆ ಮಣ್ಣನ್ನು ತವರಿಗೆ ಕರೆದುಕೊಂಡು ಹೋಗಿದ್ದೆ. ಇಳಿಸಲು ತವರೇ ಇರಲಿಲ್ಲ. ಹಾಗೇ ವಾಪಸು ಕರೆದುಕೊಂಡು ಬಂದೆ.