ಅಕ್ಕನ ಮದುವೆ ಮಾತುಕತೆಯಲ್ಲಿ ಒಂದು ಕೊವಾಲಾ

ಅರುವತ್ತರ ದಶಕದ ಮೊದಲ ಭಾಗ. ವರ್ಷ ಕೇಳಬೇಡಿ, ಹೇಳಿದರೆ ತಪ್ಪು ಹೇಳುತ್ತೇನೆ. ಸುಳ್ಯದ ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ. ಈ ಕತೆಯಲ್ಲಿ ಎಲ್ಲರೂ ಪುತ್ತೂರು ಪೇಟೆಯ ಕನ್ನಡ ಮಾತಾಡುತ್ತಾರೆ. ಅಲ್ಲಿಗೆ ಇದು ಪೂರ್ತಿ ನಿಜವಲ್ಲ ಎಂದಾಯಿತು. ಅಕ್ಕನಿಗೆ ಬಂದ ಸಂಬಂಧ ಮಾತ್ರ ನಿಜ.

ಹುಡುಗ ಕಡಬದ ಹತ್ತಿರ ಕೋಡಿಂಬಾಳದವನು. ರೈಲ್ವೆ ಕೆಲಸ, ಇರುವುದು ರಾಜಸ್ಥಾನದ ಬಿಕಾನೇರಿನಲ್ಲಿ. ಒಮ್ಮೆ ಮನೆಗೆ ಬಂದು ಹೋಗಿದ್ದ. ಅಕ್ಕ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಹಿಂದಿನ ಸಂಬಂಧಗಳನ್ನು ಕಾಫಿ ಲೋಟ ತೊಳೆಯುವುದರೊಳಗೆ ಬೇಡವೆಂದವಳು ಈ ಸಲ ಸುಮ್ಮನಿದ್ದಳು. ಅಪ್ಪ ತೀರಿಕೊಂಡಿದ್ದರಿಂದ ಹೂಂ ಅನ್ನಬೇಕಾದವರು ದೊಡ್ಡಪ್ಪ.

ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ಪದ್ಧತಿ. ಕೋಡಿಂಬಾಳದ ಮನೆ ನೋಡಿದರೆ ಸಾಕಿತ್ತು. ದೊಡ್ಡಪ್ಪ ಒಪ್ಪಲಿಲ್ಲ. "ಹುಡುಗಿ ಇರುದು ಎಲ್ಲಿ? ಅಲ್ಲಿಯ ಮನೆ ನೋಡ್ಬೇಕು" ಎಂದು ಗೋಣಿಯಲ್ಲಿ ಕುಚ್ಚಲಕ್ಕಿ, ಡಬ್ಬದಲ್ಲಿ ತೆಂಗಿನೆಣ್ಣೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಮಂಗಳೂರಿನಲ್ಲಿ ರೈಲು ಹತ್ತಿದರು. ಹುಡುಗನ ಮನೆಯಲ್ಲೇ ಉಳಿದರು. ಅಕ್ಕಿ ಮುಗಿದ ಮರುದಿನ ಅಲ್ಲಿಂದ ಹೊರಟರು.

ಅಕ್ಕ ಶಾಲೆಯಲ್ಲಿ ಟೀಚರು. ಆಸ್ಟ್ರೇಲಿಯಾದ ಪಾಠಕ್ಕೆಂದು ಅವಳು ಬಿಡಿಸಿದ ಚಿತ್ರವೊಂದು ಜಗಲಿಯ ಗೋಡೆಗೆ ಒರಗಿತ್ತು: ಮರವನ್ನು ತಬ್ಬಿ ಕೂತ ಬೂದು ಪ್ರಾಣಿ. ಬಿಕಾನೇರಿನಿಂದ ನೇರ ನಮ್ಮ ಮನೆಗೆ ಬಂದ ದೊಡ್ಡಪ್ಪ ಕಾಲು ತೊಳೆದು ಅದರ ಎದುರೇ ಕೂತರು.

"ಇದೆಂತ, ಕರಡಿ ಮರಿಯಾ?"

"ಅಲ್ಲ ದೊಡ್ಡಪ್ಪ, ಕೊವಾಲಾ. ನೀಲಗಿರಿ ಎಲೆ ತಿಂದೇ ಬದುಕುದು. ನೀರು ಕುಡಿಯುದೂ ಅಪರೂಪ. ಎಲೆಯಲ್ಲಿದ್ದ ನೀರೇ ಸಾಕು ಅದಕ್ಕೆ."

"ಮರಳುಗಾಡಿನಲ್ಲಿ ಬಿಟ್ರೆ?"

"ಬದುಕ್ಲಿಕ್ಕಿಲ್ಲ. ಅದಕ್ಕೆ ಬೇಕಾದ ಮರ ಅಲ್ಲಿ ಇಲ್ಲ, ನೆರಳೂ ಇಲ್ಲ."

ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲು ಟೀಚರಿಗೆ ಆಗುವುದಿಲ್ಲ. ದೊಡ್ಡಪ್ಪನ ಮುಖ ಕೋರ್ಟಿನಲ್ಲಿ ಗೆದ್ದವರ ಹಾಗಾಯಿತು. ಅಮ್ಮನ ಕಡೆ ತಿರುಗಿದರು.

"ಕೇಳಿದೆಯಾ? ನಿನ್ನ ಮಗಳೇ ಹೇಳಿದ್ಲು. ಅಲ್ಲಿ ಎಂತ ಉಂಟು? ಮರಳು ಉಂಟು, ಒಂಟೆ ಉಂಟು. ಕುಚ್ಚಲಕ್ಕಿ ಮದ್ದಿಗೂ ಸಿಕ್ಕುದಿಲ್ಲ."

"ಹಾಗಾದ್ರೆ ಬೇಡ ಅಂತ ಹೇಳಿ ಕಳಿಸುದಾ?" ಎಂದಳು ಅಮ್ಮ.

"ನಾಳೆಯೇ."

ಅಕ್ಕ ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ದೊಡ್ಡಪ್ಪ, ಪಾಠ ಅರ್ಧ ಆದದ್ದಷ್ಟೆ. ಅದು ಹೆಚ್ಚಾಗಿ ಇರುದು ಪೂರ್ವದ, ದಕ್ಷಿಣದ ಕಾಡಿನಲ್ಲಿ. ಆದ್ರೆ ಒಳನಾಡಿನ ಒಣ ಸೀಮೆಯಲ್ಲೂ ಹೊಳೆ ಬದಿಯಲ್ಲಿ ಇರ್ತದೆ. ಬೇರಿಗೆ ನೀರು ಸಿಕ್ಕಿದ್ರೆ ಮರ ಹಸಿರು, ಮರ ಹಸಿರಿದ್ರೆ ಅದೂ ಬದುಕ್ತದೆ. ನೋಡ್ಬೇಕಾದ್ದು ಮರಳನ್ನಲ್ಲ, ನೀರನ್ನು. ಅಲ್ಲಿ ನೀರಿತ್ತಾ?"

"ಎಲ್ಲಿಯ ನೀರು! ಹೊಳೆ ಇಲ್ಲ, ತೋಡು ಇಲ್ಲ."

"ಹಾಗಾದ್ರೆ ನೀವು ಮೀಯಲೇ ಇಲ್ವಾ?"

"ಮೀಯದೆ? ಆ ಸೆಕೆಗೆ ಬೆಳಿಗ್ಗೆ ಒಂದು ಹಂಡೆ, ಸಂಜೆ ಒಂದು ಹಂಡೆ ಬೇಕೇ ಬೇಕು ನನಗೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮೆಲ್ಲಗೆ, "ಮತ್ತೆ, ನಾನು ರೊಟ್ಟಿಯೂ ತಿಂತೇನೆ" ಎಂದಳು. ತನ್ನ ಮೇವನ್ನು ಗೋಣಿಯಲ್ಲಿ ಕಟ್ಟಿಕೊಂಡು ಬಿಕಾನೇರಿಗೆ ಹೋಗಿ ಬಂದ ಪ್ರಾಣಿ ನಮ್ಮ ಜಗಲಿಯಲ್ಲೇ ಕೂತಿತ್ತು.

"ನಿನ್ನ ಬಾಯಿ ಉಂಟಲ್ಲ ಮಾರಾಯ್ತಿ, ಅದು ಮರಳಿನಲ್ಲೂ ಬದುಕ್ತದೆ. ಹೋಗು" ಎಂದರು ದೊಡ್ಡಪ್ಪ. ಅದೇ ಒಪ್ಪಿಗೆ.

ಎಲ್ಲ ಹೀಗೆಯೇ ನಡೆಯಿತೆಂದು ನನಗೆ ನಂಬಿಕೆಯಿಲ್ಲ. ಮಾತಿಗೆ ಮಾತು ಇಷ್ಟು ಸರಿಯಾಗಿ ಕೂತದ್ದು ನಮ್ಮ ಮನೆಯಲ್ಲಿ ಬೇರೆ ಯಾವತ್ತೂ ಇಲ್ಲ. ಅಕ್ಕ ಬಹುಶಃ ಅತ್ತಿರಬೇಕು. ನನ್ನ ನೆನಪು ಅಳುವನ್ನು ತೆಗೆದು ಆ ಜಾಗದಲ್ಲಿ ಉತ್ತರಗಳನ್ನು ಇಟ್ಟಿದೆ.

ಮದುವೆಯಾದ ಮೇಲೆ ಮೊದಲ ಸಲ ಊರಿಗೆ ಬಂದಿದ್ದ ಅಕ್ಕ ವಾಪಸು ಹೊರಟ ದಿನ, ಪುತ್ತೂರಿನಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಾ ಕೇಳಿದೆ: "ಅಲ್ಲಿ ನೀರು ನಿಜಕ್ಕೂ ಉಂಟಾ?"

"ಎಂತ ನೀರು! ಒಂದು ದಿನ ಬಿಟ್ಟು ಒಂದು ದಿನ ಕೊಳಾಯಿಯಲ್ಲಿ ಬರುದು, ಅದೂ ನೂಲಿನ ಹಾಗೆ. ದೊಡ್ಡಪ್ಪ ಬರ್ತಾರೆ ಅಂತ ಇವರು ರೈಲ್ವೆ ಕ್ವಾರ್ಟರ್ಸ್ ಸಾಲಿನ ಎಲ್ಲ ಮನೆಗಳಿಂದ ಬೇಡಿ ತಂದು ತುಂಬಿಸಿಟ್ಟದ್ದು. ಅವರು ಹಂಡೆ ಹಂಡೆ ಹೊಯ್ಕೊಂಡ್ರು!"

"ಅಂದ್ರೆ ನಿನಗೆ ಮೋಸ ಆಯ್ತಲ್ಲ! ಮೊದಲೇ ಗೊತ್ತಿದ್ರೆ ಒಪ್ತಿದ್ದೆಯಾ?"

"ಗೊತ್ತಿದ್ರೆ ಹೊಳೆ ಬದಿ, ಬೇರು ಅಂತೆಲ್ಲ ಪಾಠ ಮಾಡ್ತಿರ್ಲಿಲ್ಲ. ಇವರು ಮನೆಮನೆಯಿಂದ ನೀರು ಬೇಡಿ ತಂದದ್ದನ್ನೇ ಹೇಳ್ತಿದ್ದೆ ದೊಡ್ಡಪ್ಪನಿಗೆ."

ಹಾಗೆ ಹೇಳುವಾಗ ಅವಳ ಮುಖ ಹೇಗಿತ್ತೆಂದು ಬರೆಯಲಾರೆ. ಬಸ್ಸು ಬಂದಿತ್ತು, ನಾನು ಟ್ರಂಕನ್ನು ಮೇಲೆ ಹಾಕಿಸುತ್ತಿದ್ದೆ.